ಗೋಡೆಯಾಚೆಯ ಹಸಿರು

ಡಾ. ಜಾಕಿರ್ ಹುಸೇನ್ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡುವ ದೆಹಲಿ ಕನ್ನಡಿಗರಿಗೆ ಗಾಲ್ಫ್ ಕ್ಲಬ್ಬಿನ ಗೋಡೆ ಪರಿಚಿತವೇ. ವರ್ಷಗಟ್ಟಲೆ ಅದರ ಪಕ್ಕದಲ್ಲೇ ಕಚೇರಿಗೆ ಹೋಗಿಬರುವ ನಾನು ಒಂದು ದಿನವೂ ಚೆಂಡು ಹೊಡೆದವನಲ್ಲ. "ಗುಮಾಸ್ತರಿಗೇಕೆ ಗಾಲ್ಫಿನ ಗೊಡವೆ?" ಎಂದು ನಮ್ಮಾಕೆ ನಗುತ್ತಾಳೆ. ಆದರೂ ಆ ನೆಲದ ಕತೆ ಕೇಳುವಂಥದು.

ಇದು ಆರಂಭವಾದದ್ದು 1930ರ ದಶಕದಲ್ಲಿ, ಪುರಸಭೆಯ ಮೈದಾನವಾಗಿ. 1950ರಲ್ಲಿ ಈಗಿನ ಕ್ಲಬ್ ನೋಂದಣಿಯಾಯಿತು. ನೆಲ ಸರ್ಕಾರದ್ದು, ಕ್ಲಬ್ಬಿಗೆ ಗುತ್ತಿಗೆ. ಮರಗಳ ನಡುವೆ ಮೊಗಲರ ಕಾಲದ ಗೋರಿಗಳಿವೆ, ನವಿಲುಗಳೂ ಇವೆ. ಆಟದ ಹಾದಿಗಳು ಬಲು ಕಿರಿದು. ಚೆಂಡು ಸ್ವಲ್ಪ ಓರೆಯಾದರೆ ಪೊದೆಯ ಪಾಲು. ಹಾಗಾಗಿ ಇಲ್ಲಿ ತೋಳ್ಬಲಕ್ಕಿಂತ ಗುರಿ ಮುಖ್ಯ.

1964ರಲ್ಲಿ ಮೊದಲ ಇಂಡಿಯನ್ ಓಪನ್ ಇಲ್ಲೇ ನಡೆಯಿತು. ಗೆದ್ದವರು ಆಸ್ಟ್ರೇಲಿಯದ ಪೀಟರ್ ಥಾಮ್ಸನ್. 1976-77ರಲ್ಲಿ ಮೈದಾನವನ್ನು ಹೊಸದಾಗಿ ರೂಪಿಸಿದವರೂ ಅವರೇ. 1982ರ ಏಷ್ಯನ್ ಕ್ರೀಡಾಕೂಟದಲ್ಲಿ ಲಕ್ಷ್ಮಣ್ ಸಿಂಗ್ ಇಲ್ಲಿ ಚಿನ್ನ ಗೆದ್ದರು. 2019ರಲ್ಲಿ ದಕ್ಷಿಣ ಆಫ್ರಿಕದ ಗ್ಯಾರಿ ಪ್ಲೇಯರ್ ಅವರ ನಕ್ಷೆಯಂತೆ ಮತ್ತೊಮ್ಮೆ ಹೊಸ ರೂಪ ಬಂತು. ಬಿ.ಎಸ್ಸಿ. ಓದಿದ ನನಗೆ ಇಂಥ ಕೆಲಸದಲ್ಲಿ ಕುತೂಹಲ ಹೆಚ್ಚು. ಗುಂಡಿಯ ಸುತ್ತಲಿನ ಹುಲ್ಲನ್ನು ಕೆಲವೇ ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಾರೆ. ಅಷ್ಟು ಗಿಡ್ಡವಾಗಿ ಅದು ಬದುಕಬೇಕಾದರೆ ಬೇರಿನಡಿ ನೀರು ನಿಲ್ಲದೆ ಬಸಿದು ಹೋಗಬೇಕು. ಮೇಲಿನ ಚೆಲುವೆಲ್ಲ ಕೆಳಗಿನ ಮಣ್ಣಿನ ಕೆಲಸ.

ಈ ಇತಿಹಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಹೆಸರು ಅಲಿ ಶೇರ್. ಇದೇ ಮೈದಾನದಲ್ಲಿ ಕ್ಯಾಡಿಯಾಗಿ ಸಾಹೇಬರ ಚೀಲ ಹೊತ್ತವರು. ಕ್ಯಾಡಿಯ ಕೆಲಸ ಬರೀ ಹೊರುವುದಲ್ಲ. ಚೆಂಡು ಎಲ್ಲಿ ಬಿತ್ತೆಂದು ನೋಡಬೇಕು, ನೆಲದ ಇಳಿಜಾರು ಅರಿತು ಸಲಹೆ ಹೇಳಬೇಕು. ಹಾಗೆ ಮೈದಾನವನ್ನು ಕಾಲಿನಿಂದಲೇ ಕಲಿತ ಅಲಿ ಶೇರ್ 1991ರಲ್ಲಿ ಇಲ್ಲೇ ಇಂಡಿಯನ್ ಓಪನ್ ಗೆದ್ದರು. ವೃತ್ತಿಪರ ಆಟಗಾರರಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಭಾರತೀಯ ಅವರು. 1993ರಲ್ಲಿ ಮತ್ತೆ ಗೆದ್ದರು.

ಕ್ಲಬ್ಬಿನ ಸದಸ್ಯತ್ವಕ್ಕೆ ಅರ್ಜಿ ಹಾಕಿ ದಶಕಗಳ ಕಾಲ ಕಾಯುವವರಿದ್ದಾರೆ. ನಾನಂತೂ ಆ ಸಾಲಿನಲ್ಲಿಲ್ಲ. ಮೈದಾನವನ್ನು ಎರಡು ಸಲ ತಿದ್ದಲು ಜಗತ್ಪ್ರಸಿದ್ಧರು ಬಂದರು, ಸಂತೋಷ. ಇನ್ನು ತಿದ್ದಬೇಕಾದದ್ದು ಬಾಗಿಲು. ಪುರಸಭೆಯ ಮೈದಾನವಾಗಿ ಹುಟ್ಟಿದ ಜಾಗವಿದು. ವಾರಕ್ಕೊಂದು ಬೆಳಿಗ್ಗೆಯಾದರೂ ಸುತ್ತಲಿನ ಸರ್ಕಾರಿ ಶಾಲೆಗಳ ಮಕ್ಕಳನ್ನು ಒಳಗೆ ಕರೆದು, ಕೈಗೆ ಕೋಲು ಕೊಟ್ಟು ಆಟ ಕಲಿಸಬಾರದೇ? ಮುಂದಿನ ಅಲಿ ಶೇರ್ ಚೀಲ ಹೊರುತ್ತಲೇ ಆಟ ಕಲಿಯಬೇಕೆಂಬ ನಿಯಮವೇನೂ ಇಲ್ಲವಲ್ಲ!