ಕೊನೆಯ ಹತ್ತು ನಿಮಿಷ

ನಮ್ಮಮ್ಮ ನೂರಾರು ಸಿನಿಮಾಗಳ ಕೊನೆ ನೋಡಿದಾಳೆ. ಒಂದರ ಮೊದಲೂ ನೋಡಿಲ್ಲ.

ಕೋಲಾರ ಸೀಮೆಯ ನಮ್ಮ ತಾಲ್ಲೂಕು ಪಟ್ಟಣದ ಥಿಯೇಟರಿನಲ್ಲಿ ಅವಳು ಹದಿನೆಂಟು ವರ್ಷ ಕಸ ಗುಡಿಸಿದಳು. ಒಂದು ಷೋ ಬಿಟ್ಟು ಇನ್ನೊಂದು ಷೋಗೆ ಜನರನ್ನು ಒಳಗೆ ಬಿಡುವುದರೊಳಗೆ ಗುಡಿಸಿ ಆಗಿರಬೇಕು. ಅದಕ್ಕೇ ಸಿನಿಮಾ ಮುಗಿಯುವ ಹತ್ತು ನಿಮಿಷ ಮುಂಚೆಯೇ ಪರಕೆ, ಮಂಕರಿ ಹಿಡಿದು ಬಾಗಿಲ ಪರದೆ ಪಕ್ಕ ಬಂದು ನಿಲ್ಲುತ್ತಿದ್ದಳು. ನಿಲ್ಲಬೇಕು, ಕೂರಬಾರದು. ಸೀಟು ಖಾಲಿ ಬಿದ್ದಿದ್ದರೂ ಕೂರಬಾರದು. ಒಂದು ಸಲ ಬಾಣಂತಿಯಾಗಿದ್ದಾಗ ಸೊಂಟ ನೋವಿಗೆ ಹಿಂದಿನ ಸಾಲಿನ ಸೀಟಿನ ತುದಿಗೆ ಕೂತಳಂತೆ. ಮಾರನೇ ದಿನದ ಕೂಲಿ ಕಟ್ಟು. ಥಿಯೇಟರು ಅಂದರೆ ಜಾತಿಯಿಲ್ಲದ ಕತ್ತಲೆ, ಸಮಾನತೆಯ ಜಾಗ ಅಂತೆಲ್ಲ ಬರೆಯುತ್ತಾರಲ್ಲ, ಅವರನ್ನು ಓದಿದಾಗ ನನಗೆ ಆ ಸೀಟಿನ ತುದಿ ನೆನಪಾಗುತ್ತದೆ. ಟಿಕೆಟ್ ಕೊಡುವವನು ನಮ್ಮ ಕುಲ ಕೇಳಲಿಲ್ಲ, ನಿಜ. ಗುಡಿಸುವವಳನ್ನು ಎಲ್ಲಿಂದ ಕರೀಬೇಕು ಅನ್ನೋದು ಮಾತ್ರ ಮಾಲೀಕನಿಗೆ ಕೇಳದೆಯೇ ಗೊತ್ತಿತ್ತು.

ನನ್ನನ್ನು ಬಿಟ್ಟಿಯಾಗಿ ಒಳಗೆ ಬಿಡುತ್ತಿದ್ದರು. ಗಾಂಧಿ ಕ್ಲಾಸಿನ ಮೊದಲ ಬೆಂಚಿಗೂ ಮುಂದೆ, ನೆಲದ ಮೇಲೆ. ಕತ್ತು ಎತ್ತಿ ಎತ್ತಿ ನೋಡಬೇಕು. ಪರದೆಯ ಮೇಲಿನ ಮುಖಗಳು ಉದ್ದಕ್ಕೆ ಎಳೆದಹಾಗೆ ಕಾಣೋವು. ಕೊನೇ ಷೋ ಬಿಟ್ಟ ಮೇಲೆ ಅಮ್ಮನೂ ನಾನೂ ಎರಡು ಮೈಲಿ ನಡೆದು ಕೇರಿ ಸೇರುತ್ತಿದ್ದೆವು. ಆ ಎರಡು ಮೈಲಿಯಲ್ಲಿ ನಾನು ಅವಳಿಗೆ ಸಿನಿಮಾದ ಮೊದಲು ಹೇಳಬೇಕು. ಅವಳಿಗೆ ಗೊತ್ತಿದ್ದ ಸಿನಿಮಾ ಅಂದರೆ ಎಲ್ಲರೂ ಸೇರಿ ಒಬ್ಬನಿಗೆ ಬಡಿಯೋದು, ಆಮೇಲೆ ಪೊಲೀಸ್ ಬರೋದು. ಯಾಕೆ ಬಡಿದರು ಅನ್ನೋದನ್ನು ನಾನು ಹೇಳಬೇಕು. ನಾನು ಕತೆ ಹೇಳೋದು ಕಲಿತದ್ದು ಹೀಗೆ. ಕವಿತೆ ಬರೆಯೋದಕ್ಕೆ ಶುರು ಮಾಡಿದ್ದು ಎಷ್ಟೋ ಆಮೇಲೆ.

2004ರ ಆಗಸ್ಟಿನಲ್ಲಿ 'ಆಪ್ತಮಿತ್ರ' ಬಂತು. ನಮ್ಮೂರಿಗೆ ಬರುವ ಹೊತ್ತಿಗೆ ಇನ್ನೂ ತಡ. ನನಗಾಗ ಐದಾರು ವರ್ಷ. ಆ ಏಪ್ರಿಲಿನಲ್ಲೇ ಸೌಂದರ್ಯ ವಿಮಾನ ಬಿದ್ದು ತೀರಿಕೊಂಡಿದ್ದರು. ಸತ್ತವಳು ದೆವ್ವದ ಪಾತ್ರದಲ್ಲಿ ಬರ್ತಾಳೆ ಅಂತ ಜನ ಬಂಡಿ ಕಟ್ಟಿಕೊಂಡು ಬಂದರು. ಎಷ್ಟು ಸಲ ಆ ಸಿನಿಮಾ ವಾಪಸ್ ಹಾಕಿದರೋ ಲೆಕ್ಕವಿಲ್ಲ. ಹೊಸ ಸಿನಿಮಾ ಬಿದ್ದುಹೋದ ವಾರವೆಲ್ಲ ಅದೇ.

ನಾನು ಕಣ್ಣು ಮುಚ್ಚಿಕೊಂಡು ಕೂತಿದ್ದೆ. ಆಗ ದೆವ್ವ ತೆಲುಗು ಮಾತಾಡಿತು.

ಮನೆಯಲ್ಲಿ ನಾವು ಆಡುವುದು ತೆಲುಗು. ಕೋಲಾರದ ಕಡೆ ನಮ್ಮಂಥ ಎಷ್ಟೋ ಮಾದಿಗರ ಕೇರಿಗಳಲ್ಲಿ ಹಾಗೇ. ಕನ್ನಡ ನಮಗೆ ಇಸ್ಕೂಲಿನದು, ಆಫೀಸಿನದು, ಸಿನಿಮಾದ್ದು. ಸಿನಿಮಾದ ಒಳಗಿನ ಗಂಡ, ಡಾಕ್ಟರು, ಅತ್ತೆ, ಆಚಾರ್ಯ ಎಲ್ಲರೂ ಕನ್ನಡ ಆಡುತ್ತಿದ್ದಾರೆ. ದೆವ್ವ ಒಂದೇ ನಮ್ಮಮ್ಮನ ಮಾತಾಡುತ್ತಿದೆ! ಸುತ್ತ ಕೂತವರು ಹೆದರಿದ್ದು ಅವಳ ಕಣ್ಣಿಗೆ, ಗೆಜ್ಜೆಗೆ. ನಾನು ಹೆದರಿದ್ದು ಅವಳು ಹೇಳುತ್ತಿರೋದು ನನಗೆ ಅರ್ಥ ಆಗ್ತಿದೆಯಲ್ಲ ಅಂತ.

ಅವತ್ತು ದಾರಿಯಲ್ಲಿ ಅಮ್ಮ ಕೇಳಿದಳು: "ಆಯಮ್ಮಕಿ ಅಂತ ಕೋಪಮು ಎಂದುಕುರಾ?" ಆಯಮ್ಮನಿಗೆ ಅಷ್ಟು ಕೋಪ ಯಾಕೋ ಅಂತ. ನಾನು ತಿಳಿದಷ್ಟು ಹೇಳಿದೆ. ರಾಜ ಒಬ್ಬಳು ಕುಣಿಯೋಳನ್ನ ಹಿಡಕೊಂಡು ಬಂದ. ಅವಳು ಇಷ್ಟಪಟ್ಟಿದ್ದವನನ್ನ ಕೊಂದ. ಅವಳನ್ನೂ ಕೊಂದ. ಅಮ್ಮ ಸ್ವಲ್ಪ ದೂರ ಸುಮ್ಮನೆ ನಡೆದಳು. ಆಮೇಲೆ, "ಪಾಪಮು ಆ ಪಿಲ್ಲ" ಅಂದಳು. ಅಷ್ಟು ದಿನ ಅವಳು ಬಾಗಿಲಲ್ಲಿ ನಿಂತು ನೋಡಿದ್ದು ಒಬ್ಬ ಹುಚ್ಚು ಹೆಂಗಸನ್ನ ಹತ್ತಾರು ಜನ ಸೇರಿ ಹಿಡಿಯುತ್ತಿರೋದನ್ನ ಮಾತ್ರ.

ದೊಡ್ಡವನಾದ ಮೇಲೆ ಈ ನಾಗವಲ್ಲಿಯ ಬೆನ್ನು ಹತ್ತಿದೆ. ಅವಳು ಮೊದಲು ಹುಟ್ಟಿದ್ದು 1993ರಲ್ಲಿ, ಫಾಜಿಲ್ ನಿರ್ದೇಶನದ ಮಲಯಾಳಂ 'ಮಣಿಚಿತ್ರತ್ತಾಳ್'ನಲ್ಲಿ. ಬರೆದವರು ಮಧು ಮುಟ್ಟಂ. ಅಲ್ಲಿ ಅವಳು ತಂಜಾವೂರಿಂದ ತಂದ ತಮಿಳಿನವಳು. ಪಿ. ವಾಸು ಅದನ್ನು ಕನ್ನಡಕ್ಕೆ ತಂದಾಗ ತೆಲುಗಿನವಳಾದಳು. 2005ರಲ್ಲಿ ಅದೇ ವಾಸು ರಜನೀಕಾಂತ್‌ಗೆ 'ಚಂದ್ರಮುಖಿ' ಮಾಡಿದರು. ತಮಿಳಿನಲ್ಲೂ ಅವಳು ತೆಲುಗಿನವಳೇ. 2007ರಲ್ಲಿ ಪ್ರಿಯದರ್ಶನ್ ಹಿಂದಿಗೆ 'ಭೂಲ್ ಭುಲಯ್ಯಾ' ಮಾಡಿದಾಗ ಮಂಜುಲಿಕಾ ಎಂಬ ಬಂಗಾಳಿಯಾದಳು. ನೋಡಿ, ಹೇಗಿದೆ ಇದು. ರೀಮೇಕಿನಲ್ಲಿ ಊರು ಬದಲು, ಹಾಡು ಬದಲು, ಹೀರೋ ಬದಲು. ಮನೆಯ ಯಜಮಾನ ಮಾತ್ರ ಎಲ್ಲ ಕಡೆಯೂ ಆಯಾ ನಾಡಿನ ಸ್ವಂತ ಮಗ, ದೆವ್ವ ಪಕ್ಕದ ನಾಡಿನ ಕುಣಿಯುವ ಹೆಣ್ಣು. ತಂದವನು ನಮ್ಮವನು, ಕೊಂದವನು ನಮ್ಮವನು, ಹೆದರಿಸುವವಳು ಹೊರಗಿನವಳು.

ಸಿನಿಮಾದವರು ಇದನ್ನೆಲ್ಲ ಯೋಚಿಸಿ ಮಾಡಿದರು ಅಂತ ನಾನು ಹೇಳೋದಿಲ್ಲ. ಯೋಚಿಸದೇ ಮಾಡಿದರು ಅನ್ನೋದೇ ನನ್ನ ತಕರಾರು. ಕೇಳುವವರಿಗೆ ಅರ್ಥವಾಗದ ಮಾತಾಡಿದರೆ ದೆವ್ವ ಅನ್ನೋದು ಅವರಿಗೆ ಸಹಜವಾಗಿ ಹೊಳೆದಿದೆ.

ಕತೆಯಲ್ಲಿ ನಿಜವಾದ ದೆವ್ವ ಇಲ್ಲ, ಅದೊಂದು ಮನಸ್ಸಿನ ಕಾಯಿಲೆ. ಅದನ್ನು ನಾನು ಮೆಚ್ಚುತ್ತೇನೆ. ದೆವ್ವ ಬಿಡಿಸುತ್ತೇನೆಂದು ನಮ್ಮ ಕೇರಿಯ ಹೆಣ್ಣುಮಕ್ಕಳಿಗೆ ಬೇವಿನ ಬರಲಿನಲ್ಲಿ ಬಾರಿಸುವುದನ್ನು ಕಂಡವನು ನಾನು. ಆದರೆ ಕೊನೆಗೆ ಏನಾಗುತ್ತದೆ? ಡಾಕ್ಟರೂ ಆಚಾರ್ಯರೂ ಒಂದಾಗುತ್ತಾರೆ. ಒಬ್ಬರ ಕೈಲಿ ವಿಜ್ಞಾನ, ಇನ್ನೊಬ್ಬರ ಕೈಲಿ ಹೋಮ. ಇಬ್ಬರೂ ಸೇರಿ ಅವಳ ಮುಂದೆ ರಾಜನ ಗೊಂಬೆ ಇಡುತ್ತಾರೆ. ಅವಳು ಗೊಂಬೆಯ ಮೇಲೆ ಸೇಡು ತೀರಿಸಿಕೊಂಡು ಸಮಾಧಾನವಾಗಿ ಹೊರಟುಹೋಗುತ್ತಾಳೆ. ಮನೆಯವರು ಉಸಿರು ಬಿಡುತ್ತಾರೆ. ಅಮ್ಮ ಪರಕೆ ಹಿಡಿದು ಒಳಗೆ ಬರುತ್ತಾಳೆ.

2010ರಲ್ಲಿ 'ಆಪ್ತರಕ್ಷಕ' ಬಂದಾಗಲೂ ಸಾವಿನ ನೆರಳಿತ್ತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದರು. ಥಿಯೇಟರಿನ ಮುಂದೆ ಕರ್ಪೂರ ಹಚ್ಚಿ ಅತ್ತರು ಜನ. ಈ ಭಾಗದಲ್ಲಿ ರಾಜ ಸತ್ತೇ ಇಲ್ಲ, ಇನ್ನೂ ಬದುಕಿದಾನೆ ಅಂತ ತೋರಿಸಿದರು. ಹನ್ನೊಂದು ವರ್ಷದ ನಾನು ಶಿಳ್ಳೆ ಹೊಡೆದೆ. ಈಗ ನೆನೆದರೆ ಇಡೀ ಸಿನಿಮಾದಲ್ಲಿ ಅದೊಂದೇ ನಿಜ ಅನ್ನಿಸುತ್ತದೆ.

ಡಿಗ್ರಿಗೆ ಬೆಂಗಳೂರಿಗೆ ಹೋದೆ. ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದವನು ನಾನೇ ಮೊದಲು. ಹಾಸ್ಟೆಲಿನ ಕಾರಿಡಾರಿನಲ್ಲಿ ನಿಂತು ಅಮ್ಮನ ಜೊತೆ ಫೋನಲ್ಲಿ ಮಾತಾಡುತ್ತಿದ್ದೆ, ತೆಲುಗಿನಲ್ಲೇ ತಾನೆ. ರೂಮಿನಿಂದ ಒಬ್ಬ, "ಲೇ, ನಾಗವಲ್ಲಿ ಬಂದ್ಳು ಕಣ್ರೋ!" ಅಂದ. ನಕ್ಕರು. ಅವತ್ತಿಂದ ಮೂರು ವರ್ಷ ನನ್ನ ಹೆಸರು ಅದೇ. ಹಾಗೆ ಕರೆದವರಲ್ಲಿ ನಮ್ಮ ಜನದ ಹುಡುಗರೂ ಇದ್ದರು, ಅದನ್ನು ಮುಚ್ಚಿಡೋದಿಲ್ಲ. ಅಮ್ಮನ ಫೋನು ಬಂದರೆ ತಾರಸಿಗೆ ಹೋಗಿ ಮಾತಾಡೋದಕ್ಕೆ ಶುರು ಮಾಡಿದೆ. ಒಂದೆರಡು ಸಲ ಕನ್ನಡದಲ್ಲೇ ಮಾತಾಡಿಬಿಟ್ಟೆ. ಆ ಕಡೆಯಿಂದ ಅಮ್ಮ, "ಪಕ್ಕದಲ್ಲಿ ಸಾಹೇಬ್ರು ಇದಾರೇನಪ್ಪಾ?" ಅಂತ ಕನ್ನಡದಲ್ಲಿ, ಹೆದರಿಕೊಂಡು ಕೇಳಿದಳು. ಆ ಮಾತಿಗೆ ಇವತ್ತಿಗೂ ನನ್ನ ಹತ್ತಿರ ಉತ್ತರ ಇಲ್ಲ.

ನಾಯ್ನ ಸಿನಿಮಾಕ್ಕೆ ಬರುವವನಲ್ಲ. ಬಂದದ್ದು ಒಂದೇ ಸಲ, 2012ರಲ್ಲಿ, 'ಕಲ್ಪನಾ' ನೋಡೋದಕ್ಕೆ. ಅದೂ ರೀಮೇಕೇ. ರಾಘವ ಲಾರೆನ್ಸ್ ತಮಿಳಿನಲ್ಲಿ 2011ರಲ್ಲಿ ಮಾಡಿದ 'ಕಾಂಚನಾ'. ಇಲ್ಲಿ ಉಪೇಂದ್ರ ಹೀರೋ. ದೆವ್ವವಾಗುವ ಮಂಗಳಮುಖಿಯ ಪಾತ್ರ ಸಾಯಿಕುಮಾರ್‌ದು. ಆಸ್ಪತ್ರೆ ಕಟ್ಟಿಸಬೇಕೆಂದು ಇಟ್ಟುಕೊಂಡಿದ್ದ ಜಮೀನನ್ನು ಪುಢಾರಿ ನುಂಗಿ, ಕೇಳೋಕೆ ಹೋದವಳನ್ನು ಕೊಂದು ಹೂಳಿಸುತ್ತಾನೆ. ದೆವ್ವದ ಸಿನಿಮಾದಲ್ಲಿ ಜಮೀನಿನ ಮಾತು ಬರುತ್ತೆ ಅಂತ ಯಾರೋ ಹೇಳಿದ್ದಕ್ಕೆ ನಾಯ್ನ ಬಂದ. ನಮ್ಮ ತಾತನಿಗೆ ಮಂಜೂರಾಗಿದ್ದ ಎರಡೆಕರೆ ಯಾವುದೋ ಸಾಲಕ್ಕೆ ಬರೆದುಕೊಟ್ಟು ಕೈಬಿಟ್ಟಿತ್ತು. 1978ರ ಪಿಟಿಸಿಎಲ್ ಕಾಯಿದೆಯಲ್ಲಿ ವಾಪಸ್ ಬರುತ್ತೆ ಅಂತ ಯಾರೋ ಹೇಳಿ, ನಾಯ್ನ ಎಷ್ಟೋ ವರ್ಷ ಆಫೀಸು ಅಲೆದ. ಅವನ ಹತ್ತಿರ ಒಂದು ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ.

ಇಪ್ಪತ್ತು ರೂಪಾಯಿ ಕೊಟ್ಟು ಗಾಂಧಿ ಕ್ಲಾಸಿನ ಬೆಂಚಿನಲ್ಲಿ ಕೂತ. ನಾಲ್ಕು ಬೆಂಚು ಹಿಂದೆ ನಮ್ಮ ಪಟ್ಟಣದ ಮಂಗಳಮುಖಿಯರು ಐದಾರು ಜನ ಬಂದು ಕೂತಿದ್ದರು. ಮೊದಲರ್ಧ ಥಿಯೇಟರು ಅವರ ಕಡೆ ತಿರುಗಿ ತಿರುಗಿ ನಗುತ್ತಿತ್ತು. ಸಿನಿಮಾನೇ ನಗಿಸುತ್ತಿತ್ತು, ಅದರ ಹಾಸ್ಯವೂ ಅಂಥದ್ದೇ. ಜಮೀನಿನ ಕತೆ ಬಂದಾಗ ನಗು ನಿಂತಿತು. ಕೊನೆಗೆ ಪುಢಾರಿ ಸತ್ತಾಗ ಮುಂದಿನ ಬೆಂಚುಗಳಿಂದ ಒಂದು ಕೂಗು ಎದ್ದಿತು. ಹಿಂದಿನಿಂದ ಆ ಹೆಂಗಸರ ಚಪ್ಪಾಳೆ. ನಾಯ್ನ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದ. ಅವನಿಗೆ ಶಿಳ್ಳೆ ಬರುತ್ತದೆ ಅಂತಲೇ ನನಗೆ ಗೊತ್ತಿರಲಿಲ್ಲ. ಬಾಗಿಲಲ್ಲಿ ಪರಕೆ ಹಿಡಿದು ನಿಂತಿದ್ದ ಅಮ್ಮ ಅವನನ್ನು ನೋಡಿ ಬಾಯಿಗೆ ಸೆರಗು ಇಟ್ಟುಕೊಂಡಳು.

ನಡೆದು ಬರುವಾಗ ನಾಯ್ನ ನಗುತ್ತಾ ಹೇಳಿದ: "ಸತ್ತುಹೋದ್ರೆ ಒಂದು ಸುಖ ನೋಡು. ಆಫೀಸು ತಿರುಗೋ ಹಂಗಿಲ್ಲ."

ಇಂಥ ಸಿನಿಮಾಗಳ ಕಲೆ ದೊಡ್ಡದೇನಲ್ಲ. ನಾಗವಲ್ಲಿಗೆ ಸಿಕ್ಕಿದ್ದು ಗೊಂಬೆ, ಕಲ್ಪನಾಗೆ ಸಿಕ್ಕಿದ್ದು ಪುಢಾರಿಯೇ, ಅದೂ ಒಬ್ಬ ಹೀರೋನ ಮೈ ಬಾಡಿಗೆ ತಗೊಂಡ ಮೇಲೆ. ಆದರೆ ಆ ಕೂಗು ಇದೆಯಲ್ಲ, ಅದು ಸಿನಿಮಾದವರದ್ದಲ್ಲ. ಅದು ಬೆಂಚಿನವರದ್ದು. ಅದೇ ಸಿನಿಮಾ ಹಿಂದಿಯಲ್ಲಿ 'ಲಕ್ಷ್ಮೀ' ಆಗಿ 2020ರ ನವೆಂಬರಿನಲ್ಲಿ ಬಂತು. ಕೊರೋನಾ ಕಾಲ, ಥಿಯೇಟರು ಬಿಟ್ಟು ನೇರ ಮೊಬೈಲಿಗೇ ಬಂತು. ಹಾಸ್ಟೆಲಿನ ಗೆಳೆಯನ ಫೋನಿನಲ್ಲಿ, ಕಿವಿಗೆ ವೈರು ಸಿಕ್ಕಿಸಿಕೊಂಡು ನೋಡಿದೆ. ಜಮೀನಿನ ಭಾಗ ಬಂದಾಗ ಅವನು ಬೆರಳಿನಿಂದ ಮುಂದಕ್ಕೆ ಓಡಿಸಿದ. "ಇದು ಗೊತ್ತಿರೋದೇ ಅಲ್ವಾ" ಅಂದ.

ಗೊತ್ತಿರೋದೇ. ರೀಮೇಕಿನ ವ್ಯಾಪಾರ ಕೂಡ ಅಲ್ಲೇ ಸತ್ತಿತು. ಮೊದಲು ಕನ್ನಡದಲ್ಲಿ ಡಬ್ಬಿಂಗ್ ಬಿಡುತ್ತಿರಲಿಲ್ಲ. ಬೇರೆ ಭಾಷೆಯ ಕತೆ ಬರಬೇಕಾದರೆ ರೀಮೇಕೇ ದಾರಿ. 2015ರಲ್ಲಿ ಸ್ಪರ್ಧಾ ಆಯೋಗ ಆ ತಡೆ ತಪ್ಪೆಂದು ದಂಡ ಹಾಕಿದ ಮೇಲೆ ಡಬ್ ಆದವು ಬರತೊಡಗಿದವು. ಈಗ ಮೂಲವೇ ಎಲ್ಲರ ಜೇಬಿನಲ್ಲಿದೆ. ಕನ್ನಡದ ದೆವ್ವವೂ ಹೊರಗೆ ಹೋಯಿತು ಅನ್ನಿ: ಪವನ್ ಕುಮಾರ್ ಅವರ 2016ರ 'ಯೂ ಟರ್ನ್' ಮಲಯಾಳಂ, ತಮಿಳು, ತೆಲುಗು ಸುತ್ತಿ, 2023ರಲ್ಲಿ ಹಿಂದಿಯಾಗಿ ಮೊಬೈಲಿಗೆ ಬಂದು ನಿಂತಿತು. ಥಿಯೇಟರಿನ ಕತೆಯೂ ಇದೇ ಹೊತ್ತಿನದು. ರೀಲು ಡಬ್ಬಿಗಳು ಹೋಗಿ ಡಿಜಿಟಲ್ ಬಂತು, ಆಪರೇಟರಣ್ಣ ಮನೆಗೆ ಹೋದ. ದೊಡ್ಡ ಊರಲ್ಲಿ ಮಲ್ಟಿಪ್ಲೆಕ್ಸ್ ಬಂದು ಮುಂದಿನ ಬೆಂಚೇ ಇಲ್ಲವಾಯಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿ ನಿಯಮ ತಂದಿತು, ಅದೇ ತಿಂಗಳು ಹೈಕೋರ್ಟು ತಡೆ ಕೊಟ್ಟಿತು. ಇನ್ನೂರಾದರೂ ನಾಯ್ನ ಹೋಗುತ್ತಿದ್ದನೇ? ನಾಲ್ಕು ಜನರ ಮನೆಗೆ ಎಂಟುನೂರು.

1968ರಲ್ಲಿ ಶುರುವಾದ ಬೆಂಗಳೂರಿನ ಕಪಾಲಿ 2017ರಲ್ಲಿ ಮುಚ್ಚಿದಾಗ ಪತ್ರಿಕೆಗಳ ತುಂಬ ನೆನಪುಗಳು, ಕಣ್ಣೀರು. ನಮ್ಮೂರಿನದು 2020ರ ಮಾರ್ಚಿನಲ್ಲಿ ಲಾಕ್‌ಡೌನಿಗೆಂದು ಬಾಗಿಲು ಹಾಕಿದ್ದು ಮತ್ತೆ ತೆಗೆಯಲಿಲ್ಲ. ಯಾರೂ ಒಂದು ಸಾಲು ಬರೆಯಲಿಲ್ಲ. ಅಮ್ಮನ ಎರಡು ತಿಂಗಳ ಕೂಲಿ ಬಾಕಿ. ಕೇಳೋಕೆ ಹೋದರೆ, "ಸಿನಿಮಾನೇ ಇಲ್ಲ, ಕೂಲಿ ಎಲ್ಲಿಂದ ತರ್ಲಿ?" ಅಂದರಂತೆ. ಆ ಎರಡು ತಿಂಗಳಲ್ಲಿ ಸಿನಿಮಾ ಇತ್ತು. ಅದನ್ನು ಹೇಳೋದಕ್ಕೆ ಅಮ್ಮನಿಗೆ ಬಾಯಿ ಬರಲಿಲ್ಲ. ಈಗ ಅದು ಕಲ್ಯಾಣ ಮಂಟಪ. ಪರದೆ ಇದ್ದ ಕಡೆ ಗಂಡುಹೆಣ್ಣು ಕೂರುವ ಕುರ್ಚಿ. ಗುಡಿಸೋದು ಅಮ್ಮನೇ.

ಹೋದ ಯುಗಾದಿಗೆ ಊರಿಗೆ ಹೋಗಿದ್ದಾಗ ನನ್ನ ಫೋನಿನಲ್ಲಿ ಅವಳಿಗೆ 'ಆಪ್ತಮಿತ್ರ' ಹಾಕಿಕೊಟ್ಟೆ. ಮೊದಲಿಂದ. ಗೋಡೆಗೆ ಒರಗಿ, ಕಾಲು ನೀಡಿ, ಕೂತು ನೋಡಿದಳು. ಸೌಂದರ್ಯ ಗಂಡನ ಜೊತೆ ನಗುನಗುತ್ತಾ ಆ ಮನೆಗೆ ಬರುವುದನ್ನು ಕಂಡು ಫೋನನ್ನು ಕಣ್ಣಿನ ಹತ್ತಿರ ಹಿಡಿದಳು. "ಈಯಮ್ಮ ಇಂತ ಬಾಗ ನವ್ವುತುಂದಾ?" ಅಂದಳು. ಇಷ್ಟು ಚೆನ್ನಾಗಿ ನಗ್ತಾಳಾ ಇವಳು ಅಂತ. ಆ ಮುಖವನ್ನು ಅವಳು ಎಷ್ಟು ಸಲ ನೋಡಿದ್ದಳೋ, ನಗುವಾಗ ಒಮ್ಮೆಯೂ ನೋಡಿರಲಿಲ್ಲ.

ಎರಡು ಸಂಜೆ ನೋಡಿದಳು. ಆಚಾರ್ಯರು ಹೋಮಕ್ಕೆ ಕೂರುವ ಹೊತ್ತಿಗೆ ಫೋನನ್ನು ನನ್ನ ಕೈಗೆ ಕೊಟ್ಟಳು. "ಚಾಲುರಾ. ಮಿಗಿಲಿಂದಿ ನಾಕು ತೆಲುಸು." ಸಾಕು ಕಣೋ, ಉಳಿದದ್ದು ನನಗೆ ಗೊತ್ತು.

ಎದ್ದು ಹೋಗಿ ಮಲಗಿಕೊಂಡಳು. ಬೆಳಿಗ್ಗೆ ಐದಕ್ಕೆ ಛತ್ರದಲ್ಲಿ ಮದುವೆ ಇತ್ತು.