ಗಿರಗಿಟ್ಲೆ ಚಿಕನ್

ಅಂಗಡಿಯ ಬೋರ್ಡಿನಲ್ಲಿ ‘ಶವರ್ಮಾ’ ಎಂದು ಬರೆಸಲು ಉಪ್ಪ ಒಪ್ಪಲಿಲ್ಲ. “ಮೊದಲ ಎರಡು ಅಕ್ಷರ ಮಾತ್ರ ಓದು ಮೋನೇ” ಅಂದರು. ಓದಿದೆ. ಶವ.

ಉಳ್ಳಾಲ, ದೇರಳಕಟ್ಟೆ, ಬಂದರಿನಲ್ಲಿ ಇರುವ ನಿಮಗೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಗಲ್ಫಿನಿಂದ ಬಂದವರ ಜೊತೆ ಆ ಪದವೂ ಬಂತು, ಈಗ ಸಣ್ಣ ಮಕ್ಕಳ ಬಾಯಲ್ಲೂ ಇದೆ. ನಾವಿರುವುದು ಗುಮ್ಮಘಟ್ಟದಲ್ಲಿ. ರಾಯದುರ್ಗದ ಪಕ್ಕ, ವೇದಾವತಿಗೆ ಭೈರವಾನಿ ತಿಪ್ಪದಲ್ಲಿ ಅಣೆಕಟ್ಟು ಕಟ್ಟಿದ್ದಾರಲ್ಲ, ಆ ಸೀಮೆ. 1953ರವರೆಗೆ ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ಆದಾಗ ಅನಂತಪುರಕ್ಕೆ ಸೇರಿತು. ಇಲ್ಲಿ ಒಬ್ಬನೇ ಗಿರಾಕಿ ತೆಲುಗಿನಲ್ಲಿ ರೇಟು ಕೇಳಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾನೆ. ಮುಸ್ಲಿಮರ ಮನೆಮಾತು ದಖ್ಖನಿ. ಬ್ಯಾರಿ ನಮ್ಮ ಮನೆಯ ನಾಲ್ಕು ಗೋಡೆಯೊಳಗೆ ಮಾತ್ರ.

ಉಪ್ಪನದು ಬೇಕರಿ ಅಂಗಡಿ. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಅಲ್ಲಿ ಇಲ್ಲಿ ದುಡಿದು ವಾಪಸು ಬಂದವನು, ಬರುವಾಗ ಶವರ್ಮಾ ಮೆಷಿನ್ ತಂದೆ. ಕುಬ್ಬೂಸ್ ಇಲ್ಲಿ ಸಿಗುವುದಿಲ್ಲ. ನಮ್ಮದೇ ಬನ್ನು ಸೀಳಿ, ಒಳಗೆ ಚಿಕನ್, ಎಲೆಕೋಸು, ಈರುಳ್ಳಿ ತುಂಬಿಸಿ ಕೊಡತೊಡಗಿದೆವು. ಕುಬ್ಬೂಸ್ ಅಂದರೂ ಅರಬಿಯಲ್ಲಿ ಬರೀ ರೊಟ್ಟಿ ಎಂದೇ ಅರ್ಥ ಅಂತ ಸಮಾಧಾನ ಮಾಡಿಕೊಂಡೆ.

ಬೋರ್ಡಿಲ್ಲದೆಯೇ ವ್ಯಾಪಾರ ಶುರುವಾಯಿತು. ಹೆಸರು ಗೊತ್ತಿಲ್ಲದ ಜನ ಕಂಡದ್ದನ್ನೇ ಹೆಸರು ಮಾಡಿಕೊಂಡರು. ತೆಲುಗಿನವರು ‘ತಿರಿಗೇ ಚಿಕನ್’ ಅಂದರು. ಜುಮಾ ಮುಗಿಸಿ ಬರುವ ಹುಡುಗರು ‘ಘುಮ್ತಾ ಸೋ ಮುರ್ಗಿ’ ಅಂದರು. ಒಬ್ಬ ಹೈಸ್ಕೂಲ್ ಹುಡುಗ ಗಾಜಿನ ಪೆಟ್ಟಿಗೆಗೆ ಮೂಗು ತಾಗಿಸಿ, “ಅಣ್ಣಾ, ಆ ಗಿರಗಿಟ್ಲೆ ಚಿಕನ್ ಒಂದು ಕೊಡ್ರಿ” ಅಂದ. ನಾನು ಪ್ರತಿಯೊಬ್ಬರನ್ನೂ ತಿದ್ದುತ್ತಿದ್ದೆ. “ಶವರ್ಮಾ ಅನ್ನಿ, ಶ-ವ-ರ್ಮಾ.” ಅವರು ನಕ್ಕು, ಮರುದಿನ ಬಂದು ಮತ್ತೆ ಗಿರಗಿಟ್ಲೆಯನ್ನೇ ಕೇಳುತ್ತಿದ್ದರು.

ತಿದ್ದುವವನಿಗೆ ಪದದ ಅರ್ಥವಾದರೂ ಗೊತ್ತಿರಬೇಕಲ್ಲ. ಒಂದು ರಾತ್ರಿ ಹುಡುಕಿದೆ. ಅರಬಿಯ ‘ಶವರ್ಮಾ’ ಹುಟ್ಟಿದ್ದು ತುರ್ಕಿಯ ‘ಚೆವಿರ್ಮೆ’ಯಿಂದ. ಚೆವಿರ್ಮೆ ಎಂದರೆ ತಿರುಗಿಸುವುದು. ತುರ್ಕಿಯವರು ಈಗ ಇದನ್ನು ‘ದೋನೇರ್’ ಎನ್ನುತ್ತಾರೆ. ದೋನೇರ್ ಎಂದರೆ ತಿರುಗುವುದು. ಅಥೆನ್ಸಿನಲ್ಲೂ ಹಿಂದೆ ದೋನೇರ್ ಎಂದೇ ಮಾರುತ್ತಿದ್ದರು. 1970ರ ದಶಕದಲ್ಲಿ ತುರ್ಕಿ ಹೆಸರು ಬೇಡ ಎಂಬ ಮಾತು ಬಲವಾಗಿ, ‘ಗೀರೋಸ್’ ಎಂಬ ಗ್ರೀಕ್ ಹೆಸರು ನಿಂತಿತು. ಅದರ ಅರ್ಥ ಸುತ್ತು. ವೈರಿಯ ಹೆಸರು ತೆಗೆದು ಅದೇ ಅರ್ಥದ ತಮ್ಮ ಪದ ಹಾಕಿಕೊಂಡರು! ಲೆಬನಾನಿನವರು ವಲಸೆ ಹೋದ ಮೆಕ್ಸಿಕೊದಲ್ಲಿ ಅದು ‘ಅಲ್ ಪಾಸ್ತೋರ್’ ಆಯಿತು, ಅಂದರೆ ಕುರುಬರ ಥರದ್ದು. ಆದರೆ ಈಗ ಹಾಕುವುದು ಹಂದಿ ಮಾಂಸ, ನಮಗೆ ಆಗದು. ಅಲ್ಲಿ ಮಾಂಸ ಪೋಣಿಸಿದ ಕಂಬಿಗೆ ‘ತ್ರೊಂಪೊ’ ಎನ್ನುತ್ತಾರೆ. ತ್ರೊಂಪೊ ಎಂದರೆ ಬುಗುರಿ.

ಬುಗುರಿ ಎಂದು ಓದಿದಾಗ ಆ ಹುಡುಗನ ಗಿರಗಿಟ್ಲೆ ನೆನಪಾಗಿ ನಾಚಿಕೆಯಾಯಿತು. ಗುಮ್ಮಘಟ್ಟದವರು ತಪ್ಪು ಹೇಳಿರಲಿಲ್ಲ, ಅನುವಾದ ಮಾಡಿದ್ದರು.

ಮೆಷಿನ್ ಕಲಿತವನಿಗೆ ಇದರಲ್ಲಿ ಇನ್ನೊಂದು ಖುಷಿ. ಬಿರಿಯಾನಿ, ಪತ್ತಿರ್, ಗೀ ರೋಸ್ಟ್, ಯಾವುದಕ್ಕೂ ಹೀಗೆ ಚಲನೆಯಿಂದ ಹೆಸರು ಬಂದಿಲ್ಲ. ಮೊದಲು ಕಂಬಿಯನ್ನು ಅಡ್ಡ ಇಟ್ಟು ಸುಡುತ್ತಿದ್ದರು, ಕೊಬ್ಬು ಕರಗಿ ಬೆಂಕಿಗೆ ಬೀಳುತ್ತಿತ್ತು. 19ನೇ ಶತಮಾನದಲ್ಲಿ ಒಟ್ಟೋಮನ್ ನಾಡಿನಲ್ಲಿ ಅದನ್ನು ನೆಟ್ಟಗೆ ನಿಲ್ಲಿಸಿದರು. ಈಗ ಮೇಲಿನ ಕೊಬ್ಬು ಕೆಳಗಿನ ಮಾಂಸದ ಮೇಲೆಯೇ ಇಳಿಯುತ್ತದೆ, ಹೊರಪದರ ಬೆಂದಷ್ಟನ್ನೇ ಕತ್ತರಿಸಿ ತೆಗೆಯಬಹುದು. ತಿರುಗಿದರೆ ಮಾತ್ರ.

2022ರ ಮೇ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಶವರ್ಮಾ ತಿಂದು ವಿದ್ಯಾರ್ಥಿನಿಯೊಬ್ಬಳು ತೀರಿಕೊಂಡಳು. ಆ ವಾರ ನಮ್ಮ ಸಂಬಂಧಿಕರ ವಾಟ್ಸಾಪಿನಲ್ಲಿ ‘ಶವ-ರ್ಮಾ’ ಎಂಬ ಜೋಕು ಓಡಾಡಿತು. ನಗು ಬರಲಿಲ್ಲ. ಉಪ್ಪ ಬೋರ್ಡಿಗೆ ಬೇಡ ಅಂದದ್ದು ಬರೀ ಅಕ್ಷರಕ್ಕಲ್ಲ, ಆ ಸುದ್ದಿ ಅವರ ತಲೆಯಲ್ಲಿ ಕೂತಿತ್ತು.

ಒಂದು ಸಂಜೆ, ಅಣೆಕಟ್ಟು ನೋಡಲು ಬಂದವರು ಅಂಗಡಿ ಮುಂದೆ ತುಂಬಿದ್ದಾಗ ಕರೆಂಟು ಹೋಯಿತು. ಕಂಬಿ ನಿಂತಿತು, ಗ್ಯಾಸ್ ಉರಿಯುತ್ತಲೇ ಇತ್ತು. ಒಂದು ಮಗ್ಗುಲು ಕರಕಲಾಗತೊಡಗಿತು. ಗ್ಯಾಸ್ ಆರಿಸಿದೆ. ಎರಡು ಗಂಟೆ ಕರೆಂಟು ಬರಲಿಲ್ಲ. ಒಳಗಿನ ಮಾಂಸ ಬೇಯದೆ, ತಣಿಯದೆ, ಬರೀ ಬೆಚ್ಚಗೆ ಕೂತಿತು. ರೋಗಾಣುಗಳಿಗೆ ಅದಕ್ಕಿಂತ ಒಳ್ಳೆಯ ಹಾಸಿಗೆ ಇಲ್ಲ. ಕರೆಂಟು ಬಂದ ಮೇಲೆ ಮತ್ತೆ ಹಚ್ಚೋಣ ಅಂದೆ, ಏಳೆಂಟು ಕಿಲೋ ಮಾಲು. ಉಪ್ಪ ಮಾತಾಡದೆ ಕಂಬಿ ಸಮೇತ ಎತ್ತಿ ಹಿತ್ತಿಲಿಗೆ ಒಯ್ದರು, ಗುಂಡಿ ತೋಡಿದರು. ಆ ದಿನದ ಬೇಕರಿ ಲಾಭವೂ ಅದರ ಜೊತೆ ಹೋಯಿತು. ನನಗೆ ಸಿಟ್ಟು ಬಂದಿತ್ತು, ಸುಳ್ಳು ಹೇಳುವುದಿಲ್ಲ.

ಮರುದಿನ ಮೆಷಿನ್ ಬಿಚ್ಚಿದೆ. ಮೋಟರಿನೊಳಗೆ ವರ್ಮ್ ಗೇರ್ ಇದೆ. ಅದು ಮೋಟರಿನ ಕಡೆಯಿಂದ ತಿರುಗುತ್ತದೆ, ಕಂಬಿ ಹಿಡಿದು ತಿರುಗಿಸಹೋದರೆ ಬಿಗಿದು ನಿಲ್ಲುತ್ತದೆ. ನಡುವೆ ಒಂದು ಪಿನ್ ಕೊಟ್ಟೆ, ಕಂಬಿಯ ಮೇಲ್ತುದಿಗೆ ಮರದ ಹಿಡಿಯ ಹ್ಯಾಂಡಲ್ ಕೂರಿಸಿದೆ. ಈಗ ಕರೆಂಟು ಹೋದ ಕೂಡಲೇ ಪಿನ್ ಕಳಚಿ ಕೈಯಲ್ಲೇ ತಿರುಗಿಸುತ್ತೇವೆ, ಬೆಂಕಿ ಆರುವುದಿಲ್ಲ.

ಬೋರ್ಡು ಬರೆಯುವವನು ಬಂದಾಗ ‘ಗಿರಗಿಟ್ಲೆ ಚಿಕನ್’ ಎಂದು ಬರೆಸಿದೆವು, ಕೆಳಗೆ ತೆಲುಗಿನಲ್ಲಿ ‘ತಿರಿಗೇ ಚಿಕನ್’. ಫೋಟೋ ನೋಡಿದ ಮಂಗಳೂರಿನ ಮಾವ ಫೋನು ಮಾಡಿ, ನಮ್ಮವರ ಮರ್ಯಾದೆ ತೆಗೆದೆ, ಅರಬಿ ಹೆಸರು ಹೋಯಿತಲ್ಲ ಅಂದರು. ಅದು ಮೂಲದಲ್ಲಿ ಅರಬಿ ಅಲ್ಲ ಮಾವ ಅಂದೆ. ನಂಬಲಿಲ್ಲ.

ಕರೆಂಟು ಹೋದರೆ ಈಗ ಮಕ್ಕಳಿಗೆ ಸಂಭ್ರಮ, ಹಿಡಿ ತಿರುಗಿಸಲು ಸಾಲು ನಿಲ್ಲುತ್ತಾರೆ. ಉಪ್ಪ ಯಾರನ್ನೂ ಹತ್ತಿರ ಬಿಡುವುದಿಲ್ಲ. ಸ್ಟೂಲು ಹಾಕಿಕೊಂಡು, ಟೋಪಿ ಹಿಂದಕ್ಕೆ ಸರಿಸಿ, ತಾವೇ ತಿರುಗಿಸುತ್ತಾ ಕೂರುತ್ತಾರೆ.