ಗುಡ್ಡದ ಆಚೆಯಿಂದ ಬಂದ ದನಿ



ಹಾಡು, ಸುದ್ದಿ ಕೇಳಿಸುವ ರೇಡಿಯೊ ನಿಮಗೆಲ್ಲ ಗೊತ್ತು. ಅದು ಮಾತನಾಡುತ್ತದೆ, ನೀವು ಕೇಳುತ್ತೀರಿ. ನೀವು ಎಷ್ಟು ಕೂಗಿದರೂ ಅದಕ್ಕೆ ಕೇಳಿಸದು! ಆದರೆ ನೀವೂ ಮರಳಿ ಮಾತನಾಡಬಹುದಾದ ರೇಡಿಯೊ ಒಂದಿದೆ. ಅದೇ ಹವ್ಯಾಸಿ ರೇಡಿಯೊ. ಸಂಬಳಕ್ಕಲ್ಲದೆ, ವ್ಯಾಪಾರಕ್ಕಲ್ಲದೆ, ಬರೀ ಕಲಿಯುವ ಆಸೆಯಿಂದ ಅದನ್ನು ಬಳಸುವವರನ್ನು ‘ಹ್ಯಾಮ್’ ಎನ್ನುತ್ತಾರೆ. ಅವರಿಗೆ ಸರ್ಕಾರದ ಪರವಾನಗಿ ಬೇಕು. ಪರವಾನಗಿ ಇಲ್ಲದವರು ಗುಂಡಿ ಒತ್ತಿ ಮಾತನಾಡುವಂತಿಲ್ಲ.

ಮೊಳಕಾಲ್ಮೂರು ತಾಲ್ಲೂಕಿನ ದೇವಸಮುದ್ರಕ್ಕೆ ವಿಜ್ಞಾನ ಚಟುವಟಿಕೆಗೆಂದು ಹೋದಾಗ ಇಬ್ಬರು ಹ್ಯಾಮ್ ಗೆಳೆಯರನ್ನು ಕರೆದುಕೊಂಡು ಹೋಗಿದ್ದೆ. ಒಬ್ಬರು ಕೈಯಲ್ಲಿ ಹಿಡಿಯುವ ಚಿಕ್ಕ ಸೆಟ್ ಇಟ್ಟುಕೊಂಡು ಮಕ್ಕಳ ನಡುವೆ ನಿಂತರು. ಇನ್ನೊಬ್ಬರು ಅಂಥದೇ ಸೆಟ್ ತೆಗೆದುಕೊಂಡು ಬೈಕಿನಲ್ಲಿ ಶೇಂಗಾ ಹೊಲಗಳ ದಾರಿ ಹಿಡಿದು ಹೊರಟರು. ಹೋಗುತ್ತಾ ನಿಂತು ನಿಂತು ಮಾತನಾಡಿದರು. ದನಿ ಸ್ಪಷ್ಟವಾಗಿ ಕೇಳುತ್ತಿತ್ತು. ಬಂಡೆಗುಡ್ಡದ ಹಿಂದೆ ಹೋದರೋ ಇಲ್ಲವೋ, ಬರೀ ‘ಸೊರ್’ ಎಂಬ ಸದ್ದು. “ಬ್ಯಾಟರಿ ಹೋಯ್ತು ಸಾರ್” ಎಂದ ಒಬ್ಬ. ಸ್ವಲ್ಪ ಹೊತ್ತಿನ ಮೇಲೆ ಅವರು ಗುಡ್ಡದ ನೆತ್ತಿ ಹತ್ತಿ ಮಾತನಾಡಿದರು. ದನಿ ಮತ್ತೆ ಬಂತು!

ಬ್ಯಾಟರಿ ಚೆನ್ನಾಗಿಯೇ ಇತ್ತು. ಆ ಸೆಟ್ಟಿನ ಅಲೆಗಳು ಟಾರ್ಚಿನ ಬೆಳಕಿನಂತೆ ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಬಂಡೆ ಅವನ್ನು ತಡೆಯುತ್ತದೆ. ಅಡ್ಡ ಏನೂ ಇಲ್ಲದಿದ್ದರೆ ಇಂಥ ಅಲೆಗಳೇ ಎಷ್ಟು ದೂರ ಹೋಗುತ್ತವೆ ಗೊತ್ತೇ? ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ನಮ್ಮಿಂದ ಸುಮಾರು 400 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿದೆ. ಅಲ್ಲಿಗೆ ಹೋಗಿದ್ದ ನಮ್ಮ ಶುಭಾಂಶು ಶುಕ್ಲಾ 2025ರ ಜುಲೈ 4ರಂದು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಶಾಲಾ ಮಕ್ಕಳ ಜೊತೆ ಹ್ಯಾಮ್ ರೇಡಿಯೊ ಮೂಲಕ ಮಾತನಾಡಿದರು. ನಿಲ್ದಾಣ ಒಂದು ಕಡೆಯ ಆಕಾಶವನ್ನು ಸುಮಾರು ಹತ್ತು ನಿಮಿಷದಲ್ಲಿ ದಾಟಿಬಿಡುತ್ತದೆ. ಹಾಗಾಗಿ ಇಂಥ ಮಾತುಕತೆಯಲ್ಲಿ ‘ಅದೂ... ಇದೂ...’ ಎಂದು ತಡವರಿಸುವಂತಿಲ್ಲ!

ಒಂದು ಲೆಕ್ಕ ಮಾಡಿ. 300ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವೃತ್ತಿಯಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ನಮ್ಮ ಸೆಟ್ಟಿನ ಆವೃತ್ತಿ 145. ಅಲೆಯ ಉದ್ದ ಎಷ್ಟು? ಅದರ ಕಾಲು ಭಾಗದಷ್ಟು ಉದ್ದದ ತಂತಿ ಒಳ್ಳೆಯ ಆಂಟೆನಾ ಆಗುತ್ತದೆ. ನಿಮ್ಮ ಅಡಿಪಟ್ಟಿಯಲ್ಲಿ ಅಳೆದು ನೋಡಿ. ಆವೃತ್ತಿ ಇನ್ನೂ ಕಡಿಮೆಯಾದರೆ, ಅಂದರೆ 7 ಅಥವಾ 14 ಮೆಗಾಹರ್ಟ್ಸ್ ಆದರೆ, ಅಲೆಗಳು ಮೇಲಿನ ಅಯಾನುಗೋಳದಿಂದ ಬಾಗಿ ಮರಳಿ ನೆಲಕ್ಕೆ ಬರುತ್ತವೆ. ಆಗ ಗುಡ್ಡವೇನು, ಸಮುದ್ರವನ್ನೂ ದಾಟುತ್ತವೆ.

ಇಷ್ಟೆಲ್ಲ ಹೇಳಿದ ಮೇಲೆ ಏಳನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. “ಸಾರ್, ಮೊಬೈಲ್ ಐತಲ್ಲ. ಇದ್ಯಾಕೆ?”

ನನಗೆ ಬಹಳ ಹಿಡಿಸಿದ ಪ್ರಶ್ನೆ ಅದು. ಮೊಬೈಲಿನಲ್ಲಿ ನೀವು ಪಕ್ಕದ ಬೀದಿಗೆ ಮಾತನಾಡಿದರೂ ದನಿ ಟವರಿಗೆ ಹೋಗಿಯೇ ಬರಬೇಕು. ಟವರಿಗೆ ವಿದ್ಯುತ್ ಬೇಕು, ಊರೂರು ಜೋಡಿಸುವ ಕೇಬಲ್ಲೂ ಬೇಕು. ಅವು ಕೆಟ್ಟರೆ ಕೈಯಲ್ಲಿರುವ ಮೊಬೈಲ್ ಬರೀ ಗಡಿಯಾರ. ಹ್ಯಾಮ್‌ಗೆ ಒಂದು ಸೆಟ್, ಒಂದು ಬ್ಯಾಟರಿ, ಒಂದು ತಂತಿ ಸಾಕು. 2004ರ ಡಿಸೆಂಬರಿನಲ್ಲಿ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ತಂಡದೊಂದಿಗೆ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿದ್ದರು. ಅಲ್ಲಿಂದ ಲೋಕದ ಹ್ಯಾಮ್‌ಗಳ ಜೊತೆ ಮಾತನಾಡುವುದು ಅವರ ಉದ್ದೇಶ. ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿತು. ದೂರವಾಣಿಗಳು ಕೆಟ್ಟವು. ತಮ್ಮವರು ಬದುಕಿದ್ದಾರೋ ಇಲ್ಲವೋ ಎಂದು ಜನ ಕಂಗಾಲಾದರು. ಆ ತಂಡ ಹವ್ಯಾಸವನ್ನು ಬದಿಗಿಟ್ಟು, ಅದೇ ರೇಡಿಯೊದಿಂದ ದ್ವೀಪಗಳ ಸುದ್ದಿಯನ್ನು ಹೊರಗೆ ತಲುಪಿಸುವ ಕೆಲಸಕ್ಕೆ ನಿಂತಿತು.

ಹುಡುಗಿ ಕುಳಿತಳು. ಮತ್ತೆ ಎದ್ದಳು. “ನಮ್ಮಂಥೋರಿಗೆ ಕೊಡ್ತಾರಾ ಸಾರ್, ಲೈಸೆನ್ಸು?”

ಕೊಡುತ್ತಾರೆ! ನಿಯಮ ಕೇಳುವುದು ವಯಸ್ಸನ್ನು, ಊರನ್ನಲ್ಲ. ಹನ್ನೆರಡು ವರ್ಷ ತುಂಬಿದವರು ಕೇಂದ್ರ ಸಂಪರ್ಕ ಸಚಿವಾಲಯದ ಪರೀಕ್ಷೆ ಬರೆಯಬಹುದು. ಅಂದರೆ ಏಳನೇ ತರಗತಿಯಲ್ಲಿ ಹಲವರು ಅರ್ಹರೇ. ವಿದ್ಯುತ್, ರೇಡಿಯೊ ಕುರಿತ ಸರಳ ವಿಷಯ ಮತ್ತು ನಿಯಮಗಳನ್ನು ಓದಬೇಕು. ಸುಲಭವೆಂದು ಹೇಳಲಾರೆ. ಪರೀಕ್ಷೆಗೆ ನಗರಕ್ಕೆ ಹೋಗಬೇಕು, ಸೆಟ್ಟಿಗೆ ದುಡ್ಡೂ ಬೇಕು. ಆದರೆ 2005ರ ಮೇ 5ರಂದು ಇಸ್ರೊ ಹಾರಿಸಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹದ ಕಥೆ ಕೇಳಿ. 42.5 ಕಿಲೊ ತೂಕದ, ಹ್ಯಾಮ್‌ಗಳಿಗೆಂದೇ ಮಾಡಿದ ಆ ಪುಟ್ಟ ಉಪಗ್ರಹ 2014ರವರೆಗೆ ದುಡಿಯಿತು. ಅದರಲ್ಲಿ ದನಿಯನ್ನು ಹಿಡಿದು ಮರಳಿ ಕಳಿಸುವ ಸಾಧನಗಳು ಎರಡಿದ್ದವು. ಒಂದನ್ನು ನಮ್ಮವರು ತಯಾರಿಸಿದರು. ಇನ್ನೊಂದನ್ನು ಮಾಡಿದ್ದು ಹಾಲೆಂಡಿನ ಒಬ್ಬ ವಿದ್ಯಾರ್ಥಿ!

ಸೆಟ್ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮೋರ್ಸ್ ಸಂಕೇತಕ್ಕೆ ಖರ್ಚೇ ಇಲ್ಲ. ಇಂಗ್ಲಿಷಿನ ಡಿ ಅಕ್ಷರಕ್ಕೆ ಒಂದು ಉದ್ದ ಸದ್ದು, ಎರಡು ಗಿಡ್ಡ. ಇ ಅಕ್ಷರಕ್ಕೆ ಒಂದೇ ಗಿಡ್ಡ. ವಿ ಅಕ್ಷರಕ್ಕೆ ಮೂರು ಗಿಡ್ಡ, ಒಂದು ಉದ್ದ. ಎ ಅಕ್ಷರಕ್ಕೆ ಒಂದು ಗಿಡ್ಡ, ಒಂದು ಉದ್ದ. ಆ ಹುಡುಗಿ ಆಟದ ಮೇಷ್ಟರ ಸೀಟಿ ಇಸಿದುಕೊಂಡು ಜಗಲಿಯಿಂದ ಈ ನಾಲ್ಕನ್ನೂ ಊದಿದಳು. ಅಂಗಳದಾಚೆ ಹುಣಸೆಮರದ ಕೆಳಗಿದ್ದ ಗೆಳತಿ ನೆಲದ ಮೇಲೆ ಕಡ್ಡಿಯಿಂದ ‘ದೇವ’ ಎಂದು ಬರೆದಳು. ‘ಸಮುದ್ರ’ಕ್ಕೆ ಬೇಕಾದ ಅಕ್ಷರಗಳ ಪಟ್ಟಿಯನ್ನು ಕಪ್ಪುಹಲಗೆಯ ಮೇಲೆ ಬರೆದು ಬಂದೆ.